ತಂತಿ ಊರಿಗೆ ಬಂತು, ಕೇರಿಗೆ ಯಾವಾಗ?

ನಮ್ಮ ಹಾಸ್ಟೆಲಿನಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ ಹತ್ತಿರ ಬಂದಿತ್ತು. ಈಗ ಅರ್ಜಿ ಕಾಗದದಲ್ಲಿ ಇಲ್ಲ, ಎಲ್ಲಾ ಪೋರ್ಟಲ್‌ನಲ್ಲಿ. ಎರಡನೇ ಪಿಯುಸಿ ಓದುತ್ತಿದ್ದ ನಮ್ಮ ಹುಡುಗನೊಬ್ಬ ಮೂರು ದಿನ ಸೈಬರ್ ಸೆಂಟರಿನ ಬಾಗಿಲು ಕಾದ. ಅವನ ಆಧಾರ್‌ಗೆ ಸೇರಿಸಿದ್ದ ನಂಬರ್ ಅವನದಲ್ಲ, ಅಪ್ಪನದು. ಓಟಿಪಿ ಹೋಗುವುದು ಅಪ್ಪನ ಫೋನಿಗೆ. ಅಪ್ಪ ಕೂಲಿಗೆ ಹೋದ ತೋಟದಲ್ಲಿ ಸಿಗ್ನಲ್ ಇಲ್ಲ. ಸಂಜೆ ಅಪ್ಪ ಗುಡ್ಡ ಇಳಿದು ರಸ್ತೆಗೆ ಬರುವ ಹೊತ್ತಿಗೆ ಓಟಿಪಿಯ ಹತ್ತು ನಿಮಿಷದ ಆಯಸ್ಸು ಮುಗಿದಿರುತ್ತಿತ್ತು. ನಾಲ್ಕನೇ ದಿನ ಆ ನಂಬರೂ ಸತ್ತಿತು. ರೀಚಾರ್ಜ್ ಮಾಡಿಸಿ ಬಹಳ ತಿಂಗಳಾಗಿತ್ತಂತೆ.

ಹೊಸ ನಂಬರ್ ಸೇರಿಸಲು ತಾಲೂಕು ಕೇಂದ್ರಕ್ಕೆ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು, ಅಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನಿಸಿಕೊಂಡು ವಾಪಸ್ ಬರಬೇಕು. ಅಷ್ಟರಲ್ಲಿ ಗಡುವು ಮುಗಿಯಿತು. ಆ ವರ್ಷದ ಫೀಸು ಕಟ್ಟಿದ್ದು ಮನೆಯಲ್ಲಿದ್ದ ಎರಡು ಆಡು.

ಹುಡುಗ ಅರ್ಹ. ಜಾತಿ ಪ್ರಮಾಣಪತ್ರ ಇದೆ, ಆದಾಯ ಪತ್ರ ಇದೆ, ಅಂಕ ಇದೆ. ಸಂವಿಧಾನ ಕೊಟ್ಟ ಹಕ್ಕನ್ನು ಯಾವ ದಣಿಯೂ ಬಂದು ಕಿತ್ತುಕೊಳ್ಳಲಿಲ್ಲ, ಯಾವ ಗುಮಾಸ್ತನೂ ಲಂಚ ಕೇಳಲಿಲ್ಲ. ಬರೀ ಸಿಗ್ನಲ್ ಬರಲಿಲ್ಲ. ಇಷ್ಟು ನಯವಾಗಿ ನಮ್ಮನ್ನು ಹೊರಗಿಡುವ ವಿದ್ಯೆ ಹಳೇ ಜಾತಿ ವ್ಯವಸ್ಥೆಗೂ ಗೊತ್ತಿರಲಿಲ್ಲ.

ಮಹಾಡದ ಕೆರೆ ಮತ್ತು ಟವರಿನ ನಕಾಶೆ

ಬೊಂಬಾಯಿ ಶಾಸನಸಭೆ 1923ರಲ್ಲಿ ಒಂದು ಠರಾವು ಪಾಸು ಮಾಡಿತು. ಸರ್ಕಾರದ ಹಣದಿಂದ ಕಟ್ಟಿದ, ಸರ್ಕಾರ ನಡೆಸುವ ಕೆರೆ, ಬಾವಿ, ಛತ್ರಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಮಹಾಡದ ಪುರಸಭೆಯೂ ಒಪ್ಪಿ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಹೇಳಿತು. ಕಾಗದದ ಮೇಲೆ ನೀರು ಎಲ್ಲರದಾಯಿತು. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆಯಲ್ಲಿ ನೀರು ಎತ್ತುವ ತನಕ ನಮ್ಮವರ ಗಂಟಲಿಗೆ ಒಂದು ಹನಿಯೂ ಇಳಿದಿರಲಿಲ್ಲ. ಇಳಿದ ದಿನವೇ ತಲೆ ಒಡೆದರು.

ಇವತ್ತಿನ ಟವರಿನ ನಕಾಶೆ ನೋಡಿ. ದೇಶದ ಬಹುಪಾಲು ಹಳ್ಳಿಗೆ 4ಜಿ ಬಂದಿದೆ ಅನ್ನುತ್ತಾರೆ. ನಕಾಶೆಯಲ್ಲಿ ನಮ್ಮ ಊರೂ ಬಣ್ಣ ಬಳಿದುಕೊಂಡು ಕೂತಿದೆ. ಸರ್ಕಾರ ಲೆಕ್ಕ ಇಡುವುದು ಹಳ್ಳಿಯ ಮೇಲೆ. ಹಳ್ಳಿ ಅಂದರೆ ಯಾವುದು ಸ್ವಾಮಿ? ಪಂಚಾಯಿತಿ ಕಟ್ಟೆಯಾ? ಗೌಡರ ಮನೆಯ ಮಹಡಿಯಾ? ಊರಾಚೆಯ ತಗ್ಗಿನಲ್ಲಿರುವ ಕೇರಿ, ಗುಡ್ಡದ ಹಿಂದಿನ ಹಾಡಿ, ಮೂರು ಮೈಲಿ ಆಚೆಯ ತಾಂಡಾ ಆ ಬಣ್ಣದ ಒಳಗಿವೆಯೋ ಹೊರಗಿವೆಯೋ ಅಂತ ಕೇಳುವವರು ಯಾರು? ಸಿಗ್ನಲ್ ಬಂದರೂ ಫೋನ್ ಕೊಳ್ಳಲು ದುಡ್ಡು ಬೇಕು. ಫೋನ್ ಇದ್ದರೂ ರೀಚಾರ್ಜ್ ಬೇಕು. ರೀಚಾರ್ಜ್ ಇದ್ದರೂ ಮನೆಯ ಹೆಣ್ಣುಮಕ್ಕಳ ಕೈಗೆ ಅದು ಬರಬೇಕು. ಕೆರೆ ತುಂಬಿದೆ ಅಂತ ಡಂಗುರ ಹೊಡೆದರೆ ಬಾಯಾರಿಕೆ ಹೋಗುವುದಿಲ್ಲ.

ನಮ್ಮ ಹೆಸರಿನ ದುಡ್ಡು

ಮೊಬೈಲ್ ಇಂಟರ್‌ನೆಟ್ ಹಳ್ಳಿಗೆ ಹರಡುವುದು ಕಷ್ಟ, ಖರ್ಚು ಜಾಸ್ತಿ, ಲಾಭ ಇಲ್ಲ ಅಂತ ಕಂಪನಿಗಳು ಅಳುತ್ತವೆ. ಕಷ್ಟ ಇರುವುದು ನಿಜ. ಬರೀ ಟವರ್ ನೆಟ್ಟರೆ ಆಗಲಿಲ್ಲ. ಟವರಿಗೆ ಕರೆಂಟು ಬೇಕು, ಕರೆಂಟು ಹೋದಾಗ ಡೀಸೆಲ್ ಬೇಕು. ಟವರಿನಿಂದ ಆಚೆಗೆ ಡೇಟಾ ಹೊತ್ತೊಯ್ಯಲು ನೆಲದೊಳಗೆ ಫೈಬರ್ ಕೇಬಲ್ ಬೇಕು. ಅದಿಲ್ಲದಿದ್ದರೆ ಫೋನಿನ ಮೇಲೆ ನಾಲ್ಕು ಗೆರೆ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಪೇಟೆಯಲ್ಲಿ ಒಂದು ಟವರಿನ ಕೆಳಗೆ ಸಾವಿರಾರು ಗಿರಾಕಿಗಳು. ಮಲೆನಾಡಿನಲ್ಲಿ ಅದೇ ಟವರಿನ ಕೆಳಗೆ ನೂರು ಮನೆ, ನಡುವೆ ಎರಡು ಗುಡ್ಡ.

ಆದರೆ ಈ ಕಷ್ಟ ಇವತ್ತು ಕಂಡುಹಿಡಿದದ್ದಲ್ಲ. ಇದಕ್ಕಾಗಿಯೇ 2002ರಲ್ಲಿ ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಷನ್ ಫಂಡ್ ಅಂತ ಒಂದು ನಿಧಿ ಮಾಡಿದರು. ಟೆಲಿಕಾಂ ಕಂಪನಿಗಳ ಆದಾಯದಲ್ಲಿ ನೂರಕ್ಕೆ 5 ರೂಪಾಯಿಯನ್ನು ಹಳ್ಳಿಗಾಡಿಗಾಗಿ ಎತ್ತಿಡುವುದು ಅಂತ. ಕಂಪನಿ ಅದನ್ನು ಜೇಬಿನಿಂದ ಕೊಡುತ್ತದಾ? ನಮ್ಮ ರೀಚಾರ್ಜಿನಿಂದಲೇ ಕೊಡುತ್ತದೆ. ಅಂದರೆ ಇದು ನಾವೇ ಕಟ್ಟಿದ ಚೀಟಿ. ಚೀಟಿ ದುಡ್ಡು ಏನಾಯಿತು? ವರ್ಷವರ್ಷಕ್ಕೂ ಹತ್ತಾರು ಸಾವಿರ ಕೋಟಿ ಖರ್ಚಾಗದೆ ಲೆಕ್ಕದ ಪುಸ್ತಕದಲ್ಲೇ ಕೊಳೆಯಿತು. 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯಲ್ಲಿ ಈ ನಿಧಿಗೆ ಡಿಜಿಟಲ್ ಭಾರತ್ ನಿಧಿ ಅಂತ ಹೊಸ ಹೆಸರು ಬಂತು. ಹೆಸರು ಬದಲಾದರೆ ಹಣೆಬರಹ ಬದಲಾಗುತ್ತದಾ? ನಮ್ಮನ್ನು ಎಷ್ಟು ಹೆಸರಿನಿಂದ ಕರೆದರು, ನೆನಪಿದೆಯಲ್ಲ?

ಇನ್ನು ತಂತಿಯ ಕತೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಂದು ಯೋಜನೆ ಒಪ್ಪಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವುದು, ಖರ್ಚು ಸುಮಾರು 20,000 ಕೋಟಿ, ಮುಗಿಸಲು 2 ವರ್ಷ. 2013 ಬಂತು, ಹೋಯಿತು. 2015ರಲ್ಲಿ ಭಾರತ್‌ನೆಟ್ ಅಂತ ನಾಮಕರಣ ಆಯಿತು. 2023ರ ಆಗಸ್ಟ್‌ನಲ್ಲಿ ಇನ್ನೂ 1.39 ಲಕ್ಷ ಕೋಟಿಯ ತಿದ್ದುಪಡಿ ಯೋಜನೆ ಒಪ್ಪಿದರು. ಎರಡು ವರ್ಷದ ಕೆಲಸಕ್ಕೆ ಹನ್ನೆರಡು ವರ್ಷ ಕಳೆದ ಮೇಲೆ ಮತ್ತೆ ಹೊಸ ಟೆಂಡರು!

ಬಂದ ಕಡೆ ತಂತಿ ಎಲ್ಲಿಗೆ ಬಂತು? ಪಂಚಾಯಿತಿ ಆಫೀಸಿಗೆ. ಅಲ್ಲಿ ಗೋಡೆ ಮೇಲೆ ಒಂದು ಪೆಟ್ಟಿಗೆ. ಆಫೀಸಿಗೆ ಬೀಗ ಹಾಕಿದರೆ ಪೆಟ್ಟಿಗೆಗೂ ಬೀಗ. ರಸ್ತೆ ಅಗಲ ಮಾಡುವಾಗ ಜೆಸಿಬಿ ಕೇಬಲ್ ಕಡಿದರೆ ಕೇಳುವವರಿಲ್ಲ. ಆ ರಸ್ತೆ ಬದಿಯ ಗುಂಡಿ ತೋಡಿದವರು ಯಾರು ಗೊತ್ತಾ? ಬಿಸಿಲಲ್ಲಿ ಗುದ್ದಲಿ ಹಿಡಿದು ಕೇಬಲ್ಲಿಗೆ ದಾರಿ ಮಾಡಿದವರಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮಂಥವರ ಅಪ್ಪಂದಿರೂ ಅವ್ವಂದಿರೂ ಇದ್ದರು. ಬಾವಿ ತೋಡಿದವರಿಗೆ ನೀರು ಇಲ್ಲ ಅನ್ನುವ ಹಳೇ ಕತೆ ಈ ದೇಶದಲ್ಲಿ ಹಳೆಯದಾಗುವುದೇ ಇಲ್ಲ.

ಹರಾಜಿಗೆ ಬಿದ್ದ ಅಲೆ

ಫೋನಿನ ಅಲೆಗಳಲ್ಲೂ ಭೇದ ಇದೆ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಕಡಿಮೆ ಟವರಿನಲ್ಲಿ ಹೆಚ್ಚು ಹಳ್ಳಿ ಮುಟ್ಟುತ್ತದೆ. ಬಡವರಿಗೆ ಬೇಕಾದ ಅಲೆ ಇದು. 2016ರ ಹರಾಜಿನಲ್ಲಿ ಸರ್ಕಾರ ಇದಕ್ಕೆ ಒಂದು ಮೆಗಾಹರ್ಟ್ಸ್‌ಗೆ 11,485 ಕೋಟಿ ಮೂಲ ಬೆಲೆ ಇಟ್ಟಿತು. ಒಬ್ಬನೂ ಕೊಳ್ಳಲಿಲ್ಲ. 2021ರಲ್ಲೂ ಕೊಳ್ಳಲಿಲ್ಲ. 2022ರ ಹರಾಜಿನಲ್ಲಿ ಒಂದೇ ಒಂದು ಕಂಪನಿ ಕೊಂಡಿತು. ಹಳ್ಳಿಗೆ ಹೋಗಬಲ್ಲ ಅಲೆ ಆರು ವರ್ಷ ಗಾಳಿಯಲ್ಲಿ ಸುಮ್ಮನೆ ಕೂತಿತ್ತು, ಯಾಕೆಂದರೆ ಖಜಾನೆಗೆ ಅದು ಮಾರುವ ಸರಕು. ಆಕಾಶ ಯಾರಪ್ಪಂದು? ಗೋಮಾಳವನ್ನು ಸೈಟು ಮಾಡಿ ಮಾರಿದವರೇ ಆಕಾಶವನ್ನೂ ಸೈಟು ಮಾಡಿದರು.

ಸರ್ಕಾರದ್ದೇ ಕಂಪನಿ ಬಿಎಸ್‌ಎನ್‌ಎಲ್‌ನ ಗತಿ ನೋಡಿ. ಲಾಭ ಇಲ್ಲದ ಕಡೆಯೂ ಹೋಗಬೇಕಾದದ್ದು ಅದು. ಖಾಸಗಿಯವರು 4ಜಿ ಮಾಡಿ ಮುಗಿಸುವಾಗ ಅದರ ಕೈ ಕಟ್ಟಿಹಾಕಿ ಕೂರಿಸಿದರು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆ ಆಯಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ರಂದು. ಮೂರು ವರ್ಷ ಹಿಂದೆ! 2022ರ ಜುಲೈನಲ್ಲಿ ಕೇಂದ್ರ ಸರ್ಕಾರವೇ 24,680 ಹಳ್ಳಿಗಳಿಗೆ 4ಜಿ ಇಲ್ಲ ಅಂತ ಒಪ್ಪಿಕೊಂಡು 26,316 ಕೋಟಿಯ ಯೋಜನೆ ಮಾಡಿತು. ಆ ಕೆಲಸವನ್ನು ವಹಿಸಿದ್ದು ಇದೇ ಬಿಎಸ್‌ಎನ್‌ಎಲ್‌ಗೆ. ಕಾಲು ಮುರಿದು ಓಡು ಅನ್ನುವುದು ಅಂದರೆ ಇದೇ.

ಹದಿಮೂರು ತಿಂಗಳ ವರ್ಷ

ಸುಳ್ಳು ಹೇಳುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದಾಗ ನಾವೂ ಕುಣಿದೆವು. ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ಬಾಬಾಸಾಹೇಬರ ಭಾಷಣ ಬರಹಗಳನ್ನು ಫೋನಿನಲ್ಲೇ ಓದಿದೆವು. ಆದರೆ ಸಂತೆಯಲ್ಲಿ ಮೊದಲು ಪುಕ್ಕಟೆ ಕೊಡುವವನು ಆಮೇಲೆ ಎಷ್ಟಕ್ಕೆ ಮಾರುತ್ತಾನೆ ಅಂತ ನಮ್ಮ ಅವ್ವಂದಿರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಪೈಪೋಟಿಯಲ್ಲಿ ಸಣ್ಣ ಕಂಪನಿಗಳೆಲ್ಲ ಬಾಗಿಲು ಹಾಕಿದವು. ಮೂರು ಖಾಸಗಿ ಕಂಪನಿ ಉಳಿದವು. 2019ರ ಡಿಸೆಂಬರ್‌ನಲ್ಲಿ ದರ ಏರಿತು, 2021ರ ಕೊನೆಯಲ್ಲಿ ಏರಿತು, 2024ರ ಜುಲೈನಲ್ಲಿ ಮತ್ತೆ ಏರಿತು. ದಿನಕ್ಕೆ 1.5 ಜಿಬಿಯ 28 ದಿನದ ಜಿಯೋ ಪ್ಯಾಕು ಆ ತಿಂಗಳು 239ರಿಂದ 299 ರೂಪಾಯಿ ಆಯಿತು.

28 ದಿನ ಅನ್ನುವುದನ್ನು ಗಮನಿಸಿ. ಕೂಲಿಯವನಿಗೆ ವರ್ಷಕ್ಕೆ ಹನ್ನೆರಡು ತಿಂಗಳು, ಕಂಪನಿಗೆ ಹದಿಮೂರು. 299ನ್ನು 13ರಿಂದ ಗುಣಿಸಿ: 3,887 ರೂಪಾಯಿ. ಇದು ಒಂದು ಸಿಮ್ಮಿನ ಲೆಕ್ಕ. ಅಪ್ಪನದೊಂದು, ಓದುವ ಮಗನದೊಂದು, ಮಗಳದೊಂದು ಅಂದರೆ? 2022ರಲ್ಲಿ ಟ್ರಾಯ್ 30 ದಿನದ ಪ್ಲಾನ್ ಒಂದಾದರೂ ಇರಲೇಬೇಕು ಅಂತ ಆಜ್ಞೆ ಮಾಡಬೇಕಾಯಿತು. ತಿಂಗಳಿಗೆ ಮೂವತ್ತು ದಿನ ಅಂತ ಹೇಳಲೂ ಈ ದೇಶದಲ್ಲಿ ಒಂದು ಪ್ರಾಧಿಕಾರ ಬೇಕು!

ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2018ರಲ್ಲಿ ಒಂದು ಗುರಿ ಹೇಳಿತು: ಬಡ ದೇಶಗಳಲ್ಲಿ ಆರಂಭ ಮಟ್ಟದ ಇಂಟರ್‌ನೆಟ್‌ನ ಬೆಲೆ ಜನರ ಸರಾಸರಿ ಮಾಸಿಕ ಆದಾಯದ ನೂರಕ್ಕೆ 2ರೊಳಗೆ ಇರಬೇಕು. ನಮ್ಮ ದೇಶ ಈ ಪರೀಕ್ಷೆ ಸಲೀಸಾಗಿ ಪಾಸು ಅಂತ ಬೆನ್ನು ತಟ್ಟಿಕೊಳ್ಳುತ್ತಾರೆ. ಯಾರ ಸರಾಸರಿ? ಬೆಂಗಳೂರಿನ ಸಾಫ್ಟ್‌ವೇರ್ ಬಾಬುವಿನ ಸಂಬಳವನ್ನೂ ಕಾಫಿ ತೋಟದ ಆಳಿನ ಕೂಲಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಆಳಿನ ಹೊಟ್ಟೆ ತುಂಬುತ್ತದಾ? ಕೆಲಸ ಇಲ್ಲದ ತಿಂಗಳಲ್ಲಿ ಮೊದಲು ನಿಲ್ಲುವುದು ರೀಚಾರ್ಜು. ನಿಂತು ತಿಂಗಳುಗಳು ಕಳೆದರೆ ನಂಬರ್ ಹೋಗುತ್ತದೆ. ನಂಬರ್ ಹೋದರೆ ಆಧಾರಿನ ಕೊಂಡಿ, ಬ್ಯಾಂಕಿನ ಕೊಂಡಿ, ಸ್ಕಾಲರ್‌ಶಿಪ್ಪಿನ ಕೊಂಡಿ ಎಲ್ಲಾ ಕಳಚುತ್ತದೆ. ನಮ್ಮ ಹಾಸ್ಟೆಲಿನ ಹುಡುಗನಿಗೆ ಆದದ್ದು ಇದು.

ಇಲ್ಲೇ ಆಳುವವರ ಹುನ್ನಾರ ಇರುವುದು. ಸರ್ಕಾರಕ್ಕೆ ಕೊಡಬೇಕಾದದ್ದನ್ನೆಲ್ಲ ಫೋನಿನೊಳಗೆ ಹಾಕಿತು, ಫೋನಿನ ಖರ್ಚನ್ನು ನಮ್ಮ ಜೇಬಿಗೆ ಹಾಕಿತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ಫೋನಿನ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಕುವುದು ಕಡ್ಡಾಯ ಮಾಡಿದರು. ಮಣ್ಣು ಹೊತ್ತರೂ ನೆಟ್‌ವರ್ಕ್ ಇಲ್ಲದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಬೆವರಿಗೆ ಸಾಕ್ಷಿ ಟವರು!

ಶಾಲೆ ಫೋನಿನೊಳಗೆ ಹೋದ ಕಾಲ

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಪಾಠ ಆನ್‌ಲೈನ್ ಆಯಿತು. ಅದಕ್ಕೆ ಮೂರು ವರ್ಷ ಮುಂಚೆ, 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ಹೇಳಿತ್ತು: ಹಳ್ಳಿಯ ನೂರು ಮನೆಯಲ್ಲಿ ಇಂಟರ್‌ನೆಟ್ ಸೌಲಭ್ಯ ಇರುವುದು ಸುಮಾರು 15ಕ್ಕೆ, ಕಂಪ್ಯೂಟರ್ 5ಕ್ಕೂ ಇಲ್ಲ. ಗೊತ್ತಿದ್ದೂ ಮಾಡಿದರು. 2021ರಲ್ಲಿ ಜಾನ್ ಡ್ರೀಜ್ ಮುಂತಾದವರು ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಸುಮಾರು 1,400 ಮಕ್ಕಳನ್ನು ಕೇಳಿ ವರದಿ ಬರೆದರು. ಆನ್‌ಲೈನಿನಲ್ಲಿ ನಿಯಮಿತವಾಗಿ ಓದುತ್ತಿದ್ದ ಮಕ್ಕಳು ಪಟ್ಟಣದಲ್ಲಿ ನೂರಕ್ಕೆ 24, ಹಳ್ಳಿಯಲ್ಲಿ 8. ಹಳ್ಳಿಯಲ್ಲೂ ದಲಿತ, ಆದಿವಾಸಿ ಮಕ್ಕಳು 4, ಉಳಿದವರು 15. ನೋಡಿ, ಒಂದೇ ಹಳ್ಳಿಗಾಡು, ಒಂದೇ ಆಕಾಶ, ಆದರೂ ಅಂಕಿಯೊಳಗೆ ಊರು ಬೇರೆ, ಕೇರಿ ಬೇರೆ.

ನಮ್ಮ ರಾಜ್ಯದಲ್ಲಿ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ತಂದರು. ಮೇಷ್ಟ್ರುಗಳು ಹಳ್ಳಿಗೇ ಹೋಗಿ ಅರಳಿಕಟ್ಟೆ, ಸಮುದಾಯ ಭವನ, ದೇವಸ್ಥಾನದ ಜಗಲಿಯಲ್ಲಿ ಪಾಠ ಹೇಳುವುದು. ಮೇಷ್ಟ್ರುಗಳ ಶ್ರಮಕ್ಕೆ ಕೈ ಮುಗಿಯುತ್ತೇವೆ. ಆದರೆ ಗುಡಿಯ ಜಗಲಿಯಲ್ಲಿ ನಮ್ಮ ಕೇರಿಯ ಮಗು ಯಾವ ಮೂಲೆಯಲ್ಲಿ ಕೂರಬೇಕು ಅಂತ ಯೋಜನೆ ಬರೆದವರು ಯೋಚಿಸಿದ್ದರಾ? ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮರುವರ್ಷದ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಪತ್ರಿಕೆಗಳಲ್ಲಿ ಬಂತು. ಎಂಥಾ ಅಪ್ಪ ಅಂತ ಎಲ್ಲರೂ ಕಣ್ಣೊರೆಸಿಕೊಂಡರು. ಎಂಥಾ ಸರ್ಕಾರ ಅಂತ ಎಷ್ಟು ಜನ ಕೇಳಿದರು?

ತಂಗಿಯರ ಫೋನು

ಈಗ ನಮ್ಮ ಮನೆಯೊಳಗಿನ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹಳ್ಳಿಯ ನೂರು ಗಂಡಸರಲ್ಲಿ ಸುಮಾರು 49 ಜನ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದರು, ಹೆಂಗಸರಲ್ಲಿ 25. ಈ ಅಂತರಕ್ಕೆ ಕಂಪನಿ ಕಾರಣವಾ? ನಾವೇ. ಅಣ್ಣನಿಗೆ ಫೋನು, ತಂಗಿಗೆ ಬುದ್ಧಿವಾದ. ಹುಡುಗರ ಹಾಸ್ಟೆಲಿನಲ್ಲಿ ರಾತ್ರಿ ಎರಡರ ತನಕ ರೀಲ್ಸು, ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ ಆದರೆ ವಾರ್ಡನ್ ಕೈಗೆ ಫೋನು.

ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಒಂದು ಕಾಲೇಜು ಹಾಸ್ಟೆಲಿನಲ್ಲಿ ಹುಡುಗಿಯರು ಸಂಜೆ 6ರಿಂದ 10ರ ತನಕ ಫೋನ್ ಮುಟ್ಟಬಾರದು ಅಂತ ನಿಯಮ ಮಾಡಿದರು. ಒಬ್ಬ ವಿದ್ಯಾರ್ಥಿನಿ ಒಪ್ಪಲಿಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದರು. ಆಕೆ ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್ ತೀರ್ಪು ಕೊಟ್ಟಿತು: ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗ, ಆಕೆಯನ್ನು ವಾಪಸ್ ಸೇರಿಸಿಕೊಳ್ಳಿ. ಒಬ್ಬಳೇ ಹುಡುಗಿ ಗೆದ್ದಳು. ಇಷ್ಟು ಜನ ಒಟ್ಟಿಗೆ ಇರುವ ನಾವು ಏನು ಮಾಡುತ್ತಿದ್ದೇವೆ?

ನಮ್ಮವರೇ ಕೇಳುವ ಪ್ರಶ್ನೆ

"ಭೂಮಿ ಇಲ್ಲ, ಸ್ಮಶಾನಕ್ಕೆ ಜಾಗ ಇಲ್ಲ, ನಿಮಗೆ ಡೇಟಾ ಬೇಕಾ?" ಅಂತ ಹಿರಿಯ ಅಣ್ಣಂದಿರು ಕೇಳುತ್ತಾರೆ. ಅಣ್ಣಾ, ಭೂಮಿಯ ಹೋರಾಟ ಬಿಡಿ ಅಂತ ನಾವು ಹೇಳುತ್ತಿಲ್ಲ. ಆದರೆ ಇವತ್ತು ಪಹಣಿ ಕೂಡ ಕಂಪ್ಯೂಟರಿನಲ್ಲಿದೆ. ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ನೌಕರಿಯ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್ಟು ಎಲ್ಲಾ ಅಲ್ಲೇ ಇದೆ. ಭೂಮಿಗೆ ಹೋಗುವ ದಾರಿಯೇ ತಂತಿಯ ಮೇಲೆ ಹೋಗುವಾಗ ತಂತಿ ನಮ್ಮದಲ್ಲ ಅಂದರೆ ಹೇಗೆ?

"ಫೋನ್ ಕೊಟ್ಟರೆ ಹುಡುಗರು ಹಾಳಾಗುತ್ತಾರೆ" ಅನ್ನುವವರೂ ಇದ್ದಾರೆ. ಹಾಳಾಗುವವರು ಇದ್ದಾರೆ, ಒಪ್ಪುತ್ತೇವೆ. ಕಂಪನಿಗೆ ಬೇಕಾದದ್ದೂ ಅದೇ. ಕಣ್ಣು ಕೀಳದೆ ನೋಡುವ, ಏನೂ ಕೇಳದ ಗಿರಾಕಿ ಬೇಕು ಅವರಿಗೆ. ಗೆಳೆಯರೇ, ಹಿಂದೆ ಹೆಂಡದ ಅಂಗಡಿ ಕೇರಿಯ ಬಾಯಲ್ಲಿ ಇಡುತ್ತಿದ್ದರು, ಈಗ ಅಂಗೈಯಲ್ಲೇ ಇಟ್ಟಿದ್ದಾರೆ. ಅದಕ್ಕೆ ಮದ್ದು ಫೋನ್ ಕಸಿಯುವುದಲ್ಲ. ಓದುವುದಕ್ಕೆ, ಅರ್ಜಿಗೆ, ಸಂಘಟನೆಗೆ ಅದನ್ನು ಬಳಸುವುದನ್ನು ಹಾಸ್ಟೆಲಿನಲ್ಲಿ ಕೂತು ಒಬ್ಬರಿಗೊಬ್ಬರು ಕಲಿಸುವುದು.

ನಾವು ಕೇಳುವುದು

ಭಿಕ್ಷೆ ಕೇಳುತ್ತಿಲ್ಲ, ನಾವು ಕಟ್ಟಿದ ಚೀಟಿ ಕೇಳುತ್ತಿದ್ದೇವೆ.

1. ಪ್ರತಿಯೊಂದು ಸಮಾಜ ಕಲ್ಯಾಣ ಹಾಸ್ಟೆಲಿಗೂ ಫೈಬರ್ ಸಂಪರ್ಕ ಕೊಡಿ, ಹುಡುಗರ ಹಾಸ್ಟೆಲಿಗೆ ಎಷ್ಟೋ ಹುಡುಗಿಯರ ಹಾಸ್ಟೆಲಿಗೂ ಅಷ್ಟೇ. ರಾಜ್ಯದಲ್ಲಿ 2013ರಿಂದ ಪರಿಶಿಷ್ಟರ ಉಪಯೋಜನೆಯ ಕಾಯ್ದೆ ಇದೆ. ಅದರ 7ಡಿ ಅನ್ನುವ ಕಿಂಡಿಯಿಂದ ನಮ್ಮ ಪಾಲು ಬೇರೆ ಕಾಮಗಾರಿಗೆ ಹರಿಯುತ್ತಿತ್ತು. 2023ರಲ್ಲಿ ಆ ಕಿಂಡಿ ಮುಚ್ಚಿದರು. ಹಾಗಿದ್ದರೆ ಆ ದುಡ್ಡಿನಲ್ಲಿ ಹಾಸ್ಟೆಲಿಗೆ ತಂತಿ ಎಳೆಯಲು ಏನು ಅಡ್ಡಿ?

2. ಪಂಚಾಯಿತಿಗೆ ಬಂದ ತಂತಿಯನ್ನು ಕೇರಿ, ಹಟ್ಟಿ, ಹಾಡಿ, ತಾಂಡಾಗಳ ಅಂಗನವಾಡಿ, ಶಾಲೆ, ಅಂಬೇಡ್ಕರ್ ಭವನದ ತನಕ ಎಳೆಯಿರಿ. ಬೀದಿ ನಲ್ಲಿಯ ಹಾಗೆ ಸಾರ್ವಜನಿಕ ವೈ-ಫೈ ಇರಲಿ. ಕೇರಳ ಸರ್ಕಾರ 2023ರ ಜೂನ್‌ನಲ್ಲಿ ಕೆ-ಫೋನ್ ಶುರು ಮಾಡಿ 20 ಲಕ್ಷ ಬಡ ಮನೆಗಳಿಗೆ ಪುಕ್ಕಟೆ ಸಂಪರ್ಕ ಅಂತ ಗುರಿ ಹೇಳಿತು. ಅಲ್ಲಿ ಕೆಲಸ ಗುರಿಯಷ್ಟು ಓಡಲಿಲ್ಲ, ನಿಜ. ಇಲ್ಲಿ ಆ ಗುರಿಯನ್ನು ಬಾಯಿಬಿಟ್ಟು ಹೇಳುವವರಾದರೂ ಯಾರು?

3. ಸಿಗ್ನಲ್ ಇದೆಯೋ ಇಲ್ಲವೋ ಅನ್ನುವ ಲೆಕ್ಕವನ್ನು ಕೇರಿಯಲ್ಲಿ ನಿಂತು ತೆಗೆಯಿರಿ, ಗ್ರಾಮಸಭೆಯಲ್ಲಿ ಓದಿ ಹೇಳಿ.

4. ಸರ್ಕಾರದ ಯಾವ ಸೌಲಭ್ಯಕ್ಕೂ ಓಟಿಪಿ ಒಂದೇ ಬಾಗಿಲು ಆಗಬಾರದು. ಕಾಗದದ ಅರ್ಜಿ ತೆಗೆದುಕೊಳ್ಳುವ ಕಿಟಕಿ ತೆರೆದಿರಲಿ. ಸಿಗ್ನಲ್ ಇಲ್ಲದ ಕಾರಣಕ್ಕೆ ಗಡುವು ತಪ್ಪಿದರೆ ಅದು ವಿದ್ಯಾರ್ಥಿಯ ತಪ್ಪಲ್ಲ.

ಈ ಸಂಚಿಕೆ ಓದಿದ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ನಿಮ್ಮ ಕೇರಿಯಲ್ಲಿ ಎಷ್ಟು ಮನೆ, ಎಷ್ಟು ಫೋನು, ಯಾರ ಕೈಯಲ್ಲಿ, ಯಾವ ಜಾಗದಲ್ಲಿ ಸಿಗ್ನಲ್, ಯಾರ ನಂಬರ್ ಸತ್ತಿದೆ, ಯಾರ ಸ್ಕಾಲರ್‌ಶಿಪ್ ನಿಂತಿದೆ ಅಂತ ಬರೆದುಕೊಂಡು ಬನ್ನಿ. ಅವರ ನಕಾಶೆಯ ಪಕ್ಕ ನಮ್ಮ ನೋಟ್‌ಬುಕ್ ಇಡೋಣ. ಜಿಲ್ಲಾಧಿಕಾರಿಯ ಮೇಜಿನ ಮೇಲೆ ಎರಡನ್ನೂ ಇಟ್ಟು ಯಾವುದು ಸುಳ್ಳು ಅಂತ ಕೇಳೋಣ.

ಮಹಾಡದಲ್ಲಿ ನೀರು ತಾನಾಗಿ ಬಾಯಿಗೆ ಬರಲಿಲ್ಲ. ಕೆರೆಯ ತನಕ ನಡೆಯಬೇಕಾಯಿತು.

ಜೈ ಭೀಮ್.